ಎಲೆ ನಿಂತ ಬಗೆ ನೋಡಿ ಮೇವು ಬೆಳೆಯೋಣ

(ಹರದನಹಳ್ಳಿಯಲ್ಲಿ ಹಾಲು ಉತ್ಪಾದಕರ ಮುಂದೆ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಪಶುವೈದ್ಯರು ಊರಿಗೆ ಬಂದರೆಂದರೆ ಕಾಲುಬಾಯಿ ಲಸಿಕೆಯ ವಿಷಯವೋ, ಕೆಚ್ಚಲು ಬಾವಿನ ವಿಷಯವೋ, ಕೃತಕ ಗರ್ಭಧಾರಣೆಯ ವಿಷಯವೋ ಹೇಳುತ್ತಾರೆ ಎಂದು ನೀವು ಕಾದು ಕುಳಿತಿರುತ್ತೀರಿ. ಈ ದಿನ ಅವು ಯಾವುದನ್ನೂ ಹೇಳುವುದಿಲ್ಲ. ಗಿಡದ ಮೈಮೇಲೆ ಎಲೆ ಹೇಗೆ ಕೂತಿದೆ, ಯಾವ ಕಡೆಗೆ ಎಷ್ಟು ಬಾಗಿದೆ ಎಂಬ ಒಂದೇ ವಿಷಯವನ್ನು ಮಾತಾಡಲು ಬಂದಿದ್ದೇನೆ. ಇದು ಕೃಷಿ ಇಲಾಖೆಯವರ ವಿಷಯವಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಹಾಲಿನ ಉತ್ಪಾದನಾ ವೆಚ್ಚದಲ್ಲಿ ನೂರಕ್ಕೆ 60ರಿಂದ 70 ಭಾಗ ಮೇವು ಮತ್ತು ಪಶು ಆಹಾರಕ್ಕೇ ಹೋಗುತ್ತದೆ. ಹಸು ತಿನ್ನುವ ಮೇವಿನಲ್ಲಿ ಸತ್ವ ಇರುವುದು ಎಲೆಯಲ್ಲಿ. ದಂಟಿನಲ್ಲಿರುವುದಕ್ಕಿಂತ ಸುಮಾರು ಎರಡರಷ್ಟು ಸಸಾರಜನಕ ಎಲೆಯಲ್ಲಿರುತ್ತದೆ. ಆದ್ದರಿಂದ ಎಲೆಯ ಸಮಾಚಾರ ನಮ್ಮ ಸಂಘದ ಸಮಾಚಾರವೇ. ಇನ್ನೊಂದು ಕಾರಣವೂ ಇದೆ. ಎಲೆ ನೋಡಲು ಬಾರದೆ ಸತ್ತ ಹಸುಗಳನ್ನು ನಾನು ಈ ತಾಲ್ಲೂಕಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಎಲೆ ಎಂದರೆ ಯಾವುದು ಎಂಬುದನ್ನು ತಿಳಿಯೋಣ. ದಿವ್ಯಲಿಂಗೇಶ್ವರನ ಊರಿನವರಾದ ನಿಮಗೆ ಬಿಲ್ವಪತ್ರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಿಲ್ವಪತ್ರೆಯಲ್ಲಿ ಎಷ್ಟು ಎಲೆ ಎಂದು ಕೇಳಿದರೆ ಎಲ್ಲರೂ ಮೂರು ಎನ್ನುತ್ತೀರಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಒಂದೇ ಎಲೆ; ಮೂರು ಅದರ ಕಿರುಎಲೆಗಳು. ಗುರುತು ಹೇಗೆಂದರೆ, ಎಲೆಯ ತೊಟ್ಟು ಕಡ್ಡಿಗೆ ಸೇರುವ ಕಂಕುಳಲ್ಲಿ ಒಂದು ಕಣ್ಣು, ಅಂದರೆ ಮೊಗ್ಗು, ಇರುತ್ತದೆ. ಕಿರುಎಲೆಯ ಬುಡದಲ್ಲಿ ಅದು ಇರುವುದಿಲ್ಲ. ಈ ಲೆಕ್ಕದಲ್ಲಿ ಅಗಸೆಯ ಇಡೀ ಗರಿಯೇ ಒಂದು ಎಲೆ. ತಡಗುಣಿಯ ಮೂರು ಅಗಲ ಹಾಳೆ ಸೇರಿ ಒಂದು ಎಲೆ. ಕುದುರೆ ಮೆಂತ್ಯವೂ ಹಾಗೆಯೇ. ಹಿಪ್ಪುನೇರಳೆ ಸೊಪ್ಪು ಕೊಯ್ದು ಬಲ್ಲವರಿಗೆ ಈ ಕಣ್ಣಿನ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಸೊಪ್ಪು ಕೊಯ್ದ ಮೇಲೆ ಚಿಗುರು ಒಡೆಯುವುದು ಅಲ್ಲಿಂದಲೇ ಅಲ್ಲವೇ?

ಈಗ ಜೋಡಣೆ. ಕಡ್ಡಿಯ ಮೇಲೆ ಎಲೆಗಳು ಮನಸ್ಸಿಗೆ ಬಂದ ಕಡೆ ಹುಟ್ಟುವುದಿಲ್ಲ. ಮುಸುಕಿನ ಜೋಳ, ಬಿಳಿ ಜೋಳ, ರಾಗಿ, ಕಬ್ಬು, ನೇಪಿಯರ್ ಹುಲ್ಲು, ಇವುಗಳಲ್ಲಿ ಒಂದು ಎಲೆ ಈ ಪಕ್ಕಕ್ಕೆ, ಮುಂದಿನದು ಸರಿಯಾಗಿ ಎದುರು ಪಕ್ಕಕ್ಕೆ. ಮೇಲಿನಿಂದ ನೋಡಿದರೆ ಎರಡೇ ಸಾಲು, ಹಕ್ಕಿ ರೆಕ್ಕೆ ಚಾಚಿದ ಹಾಗೆ. ಈ ಜಾತಿಯಲ್ಲಿ ಎಲೆಯ ಬುಡ ದಂಟನ್ನು ಕೋಟು ತೊಡಿಸಿದ ಹಾಗೆ ಸುತ್ತಿಕೊಂಡಿರುತ್ತದೆ. ತುಳಸಿಯಲ್ಲಿ ಒಂದು ಗಿಣ್ಣಿಗೆ ಎರಡು ಎಲೆ ಎದುರುಬದುರು. ಅದರ ಮೇಲಿನ ಜೋಡಿ ಕೆಳಗಿನ ಜೋಡಿಗೆ ಅಡ್ಡವಾಗಿ. ಗುಂಡ್ಲುಪೇಟೆ ಕಡೆ ನೀವೆಲ್ಲ ಬೆಳೆಯುವ ಸೂರ್ಯಕಾಂತಿಯಲ್ಲಿ ಕೆಳಗಿನ ಎಲೆಗಳು ಜೋಡಿಜೋಡಿಯಾಗಿದ್ದು, ಮೇಲೆ ಹೋದಂತೆ ಒಂದೊಂದೇ ಆಗಿ ಸುರುಳಿ ಹಿಡಿಯುತ್ತವೆ. ಜಿನೀವಾದ ಷಾರ್ಲ್ ಬೊನೆ ಎಂಬ ವಿದ್ವಾಂಸರು 1754ರಷ್ಟು ಹಿಂದೆಯೇ ಈ ಜೋಡಣೆಗಳನ್ನು ವಿಂಗಡಿಸಿ ಪುಸ್ತಕ ಬರೆದರು. 1837ರಲ್ಲಿ ಫ್ರಾನ್ಸಿನ ಬ್ರಾವೆ ಸಹೋದರರು ಸುರುಳಿ ಜೋಡಣೆಯಲ್ಲಿ ಒಂದು ಎಲೆಗೂ ಮುಂದಿನ ಎಲೆಗೂ ನಡುವಿನ ಕೋನ ಸುಮಾರು 137.5 ಡಿಗ್ರಿ ಎಂದು ಅಳೆದು ತೋರಿಸಿದರು. ನಮ್ಮ ಡೈರಿಯ ಡಿಗ್ರಿಯಲ್ಲ, ಕೋನದ ಡಿಗ್ರಿ! ಆ ಕೋನದಲ್ಲಿ ಹುಟ್ಟುತ್ತಾ ಹೋದರೆ ಯಾವ ಎಲೆಯೂ ಇನ್ನೊಂದರ ನೆತ್ತಿಯ ಮೇಲೆ ಸರಿಯಾಗಿ ಕೂರುವುದಿಲ್ಲ. ಗಿಡ ಲೆಕ್ಕ ಹಾಕಿ ಹೀಗೆ ಮಾಡುವುದಿಲ್ಲ. ಚಿಗುರಿನ ತುದಿಯಲ್ಲಿ ಹೊಸ ಎಲೆಯ ಮೊಳಕೆ ತನಗಿಂತ ಮುಂಚೆ ಹುಟ್ಟಿದ ಎಲೆಗಳಿಂದ ಆದಷ್ಟು ದೂರ, ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ಏಳುತ್ತದೆ. ಬಸ್ಸಿನಲ್ಲಿ ನಾವು ಖಾಲಿ ಸೀಟು ಹುಡುಕುವ ಹಾಗೆ. 1868ರಲ್ಲಿ ಹಾಫ್‌ಮೈಸ್ಟರ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞರು ಹೇಳಿದ ಈ ಮಾತು ಇಂದಿಗೂ ನಿಂತಿದೆ.

ತೆಂಗಿನ ತೋಟ ಇರುವವರಿಗೆ ಒಂದು ಕುತೂಹಲದ ಸಂಗತಿ. ತೆಂಗಿನ ಗರಿಗಳು ಕೆಲವು ಮರದಲ್ಲಿ ಎಡಸುತ್ತು, ಕೆಲವು ಮರದಲ್ಲಿ ಬಲಸುತ್ತು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಟಿ.ಎ. ಡೇವಿಸ್ ಎಂಬುವರು 1960ರ ದಶಕದಲ್ಲಿ ಇವನ್ನು ಎಣಿಸಿ, ಎಡಸುತ್ತಿನ ಮರಗಳು ಹೆಚ್ಚು ಕಾಯಿ ಕೊಡುತ್ತವೆ ಎಂದು ಬರೆದರು. ಈ ಎಡ ಬಲ ತಾಯಿಮರದಿಂದ ಸಸಿಗೆ ಬರುವುದಿಲ್ಲ ಎಂದೂ ಅವರೇ ಕಂಡರು. ಹಾಗಾಗಿ ಎಡಸುತ್ತಿನ ಮರದ ಕಾಯಿ ಎಂದು ಯಾರಾದರೂ ಹೆಚ್ಚು ಬೆಲೆಗೆ ಸಸಿ ಮಾರಲು ಬಂದರೆ ಕೊಳ್ಳಬೇಡಿ.

ಇರಲಿ, ಮೇವಿಗೆ ಬರೋಣ. ಜೋಡಣೆಗಿಂತ ನಮಗೆ ಹೆಚ್ಚು ಬೇಕಾದದ್ದು ಎಲೆಯ ಬಾಗು. ನಿಮ್ಮ ಹೊಲದಲ್ಲಿ ಮುಸುಕಿನ ಜೋಳದ ಒಂದು ಎಲೆಯನ್ನು ದಂಟಿನ ಹತ್ತಿರ ಹಿಡಿದು ನೋಡಿ. ಕವಚ ಮುಗಿದು ಹಾಳೆ ಶುರುವಾಗುವ ಕಡೆ ತೆಳ್ಳಗೆ ಒಂದು ಪೊರೆಯಂಥ ನಾಲಿಗೆ ಇದೆ. ಅದರ ಹೊರಗಡೆ ತಿಳಿ ಬಣ್ಣದ ಪಟ್ಟಿ ಕಾಲರಿನ ಹಾಗೆ ಇದೆ. ಬಾಗಿಲಿಗೆ ಕೀಲು ಇದ್ದ ಹಾಗೆ ಎಲೆಗೆ ಇದು ಕೀಲು. ಎಲೆ ಎಷ್ಟು ಹೊರಗೆ ಬಾಗಬೇಕು ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಈ ನಾಲಿಗೆಯೇ ಇಲ್ಲದ ಮುಸುಕಿನ ಜೋಳದ ಗಿಡಗಳೂ ಇವೆ. ಅವುಗಳ ಎಲೆ ದಂಟಿಗೆ ಅಂಟಿಕೊಂಡಂತೆ ನೆಟ್ಟಗೆ ನಿಲ್ಲುತ್ತದೆ.

ನೆಟ್ಟಗೆ ನಿಂತರೆ ಏನು ಲಾಭ? 1953ರಲ್ಲಿ ಜಪಾನಿನ ಮೊನ್ಸಿ ಮತ್ತು ಸಾಯೆಕಿ ಎಂಬ ಇಬ್ಬರು ಹುಲ್ಲುಗಾವಲಿನಲ್ಲಿ ಬೆಳಕು ಅಳೆದು ಒಂದು ಲೆಕ್ಕ ಕೊಟ್ಟರು. ಅದನ್ನು ನಮ್ಮ ಹೊಲಕ್ಕೆ ಹಾಕಿ ಹೇಳುತ್ತೇನೆ. ಒಂದು ಚದರ ಅಡಿ ನೆಲದ ಮೇಲೆ ಒಟ್ಟು ಮೂರು ಚದರ ಅಡಿ ಎಲೆ ಇದೆ ಎಂದಿಟ್ಟುಕೊಳ್ಳಿ. ಎಲೆಗಳು ಅಡ್ಡಡ್ಡ ಹರಡಿದ್ದರೆ ಮೇಲೆ ಬಿದ್ದ 100 ಪಾಲು ಬೆಳಕಿನಲ್ಲಿ ನೆಲ ಮುಟ್ಟುವುದು ಸುಮಾರು 9 ಪಾಲು. ಎಲೆಗಳು ನೆಟ್ಟಗೆ ನಿಂತಿದ್ದರೆ ಅಷ್ಟೇ ಎಲೆಗೆ ಸುಮಾರು 30 ಪಾಲು ಕೆಳಗಿಳಿಯುತ್ತದೆ. ಅಂದರೆ ಕೆಳಗಿನ ಎಲೆಗಳಿಗೂ ಊಟ ಸಿಗುತ್ತದೆ. ಇಲ್ಲದಿದ್ದರೆ ಮೇಲಿನ ಎಲೆ ತಾನು ಅರಗಿಸಿಕೊಳ್ಳಲಾಗದಷ್ಟು ಬಿಸಿಲು ಕುಡಿದು, ಕೆಳಗಿನ ಎಲೆ ಹಸಿದು ಹಳದಿಯಾಗಿ ಒಣಗುತ್ತದೆ. ನೀವು ಮೇವು ಕೊಯ್ಯುವ ಹೊತ್ತಿಗೆ ಬುಡದ ಮೂರು ನಾಲ್ಕು ಎಲೆ ಒಣಗಿ ಜೋತು ಬಿದ್ದಿರುತ್ತವಲ್ಲ, ಅವು ಬಹುಪಾಲು ಹೀಗೆ ಹಸಿದವೇ.

1968ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪೆಂಡಲ್ಟನ್ ಮತ್ತು ಸಂಗಡಿಗರು ಇದನ್ನು ಹೊಲದಲ್ಲೇ ಪರೀಕ್ಷಿಸಿದರು. ಮುಸುಕಿನ ಜೋಳದ ಎಲೆಗಳನ್ನು ಕೈಯಿಂದ ಎತ್ತಿ ಕಟ್ಟಿ ನೆಟ್ಟಗೆ ನಿಲ್ಲಿಸಿದಾಗ ಕಾಳಿನ ಇಳುವರಿ ನೂರಕ್ಕೆ 14ರಷ್ಟು ಹೆಚ್ಚಿತು. ಹುಟ್ಟುಗುಣದಿಂದಲೇ ಎಲೆ ನೆಟ್ಟಗಿದ್ದ ಗಿಡಗಳಲ್ಲಿ ಇದಕ್ಕಿಂತಲೂ ಹೆಚ್ಚು ಲಾಭ ಕಂಡರು. ಈಗ ಮಾರುಕಟ್ಟೆಯಲ್ಲಿರುವ ಹಲವು ಕಾಳಿನ ಹೈಬ್ರಿಡ್‌ಗಳ ಮೇಲ್ಭಾಗದ ಎಲೆ ನೆಟ್ಟಗಿರುವುದು ಇದೇ ಹಾದಿಯಲ್ಲಿ ಬಂದದ್ದು. ಭತ್ತದಲ್ಲಿ 1966ರಲ್ಲಿ ಬಂದ ಐ.ಆರ್. 8 ತಳಿಯೂ ಗಿಡ್ಡ ದಂಟು, ನೆಟ್ಟಗಿನ ಎಲೆಯ ತಳಿಯೇ. ಕಾಳು ಹೆಚ್ಚಾಯಿತು, ನಿಜ. ಹುಲ್ಲು ಕಡಿಮೆಯಾಯಿತು ಎಂದು ದನ ಕಟ್ಟಿದವರು ಗೊಣಗಿದ್ದೂ ನಿಜ. ತಳಿ ಆರಿಸುವಾಗ ಮೂಟೆಯನ್ನು ಮಾತ್ರ ನೋಡಿ ಮೆದೆಯನ್ನು ಮರೆಯುವುದು ನಮ್ಮಂಥ ಹೈನುಗಾರರಿಗೆ ಒಗ್ಗುವ ಲೆಕ್ಕವಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಸೀಮೆಗೆ ಇನ್ನೊಂದು ವಿಶೇಷವಿದೆ. ಚಾಮರಾಜನಗರ ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ನಾಲ್ಕನೇ ವಾರದ ಸುಮಾರಿಗೆ ಮತ್ತು ಆಗಸ್ಟ್ ಮೂರನೇ ವಾರದ ಸುಮಾರಿಗೆ, ನಡುಹಗಲಿನಲ್ಲಿ ಸೂರ್ಯ ಸರಿಯಾಗಿ ನಮ್ಮ ನೆತ್ತಿಗೆ ಬರುತ್ತಾನೆ. ಮುಂಗಾರು ಬೆಳೆ ಹೊಲದಲ್ಲಿರುವಷ್ಟು ಕಾಲವೂ ನೆತ್ತಿಯ ಆಸುಪಾಸಿನಲ್ಲೇ ಇರುತ್ತಾನೆ. ಬಿಸಿಲು ನೆಟ್ಟಗೆ ಬೀಳುವ ಕಡೆ ನೆಟ್ಟಗಿನ ಎಲೆಗೆ ಪ್ರಯೋಜನ ಹೆಚ್ಚು. ಬಿಸಿಲು ಓರೆಯಾಗಿ ಬೀಳುವ ದೇಶಗಳಲ್ಲಿ ಅಷ್ಟಿಲ್ಲ.

ಹಾಗಾದರೆ ಎಲ್ಲ ಬೆಳೆಯೂ ನೆಟ್ಟಗಿನ ಎಲೆಯದೇ ಆಗಿರಲಿ ಎಂದು ಹೊರಡಬೇಡಿ. ತೆಳುವಾಗಿ ಬಿತ್ತಿದ ಖುಷ್ಕಿ ಹೊಲದಲ್ಲಿ ನೆಟ್ಟಗಿನ ಎಲೆಯಿದ್ದರೆ ಬೆಳಕೆಲ್ಲ ನೆಲಕ್ಕೆ ಬಿದ್ದು ಕಳೆ ಎದ್ದು ಕುಣಿಯುತ್ತದೆ, ನೆಲದ ಹಸಿಯೂ ಆರುತ್ತದೆ. ಅಲ್ಲಿ ಅಡ್ಡ ಹರಡುವ ಎಲೆಯೇ ಒಳ್ಳೆಯದು. ನೆಟ್ಟಗಿನ ಎಲೆಯ ಲಾಭ ಒತ್ತಾಗಿ ಬೆಳೆದಾಗ, ನೀರು ಗೊಬ್ಬರ ಇದ್ದಾಗ ಮಾತ್ರ. ಕಾಳಿಗೆ 60 ಸೆಂ.ಮೀ. ಸಾಲು, 30 ಸೆಂ.ಮೀ. ಗಿಡದ ಅಂತರದಲ್ಲಿ ಎಕರೆಗೆ ಸುಮಾರು 22 ಸಾವಿರ ಗಿಡ ಬರುತ್ತವೆ. ಮೇವಿಗೆ ಆಫ್ರಿಕನ್ ಟಾಲ್ ಹಾಕುವಾಗ 30 ಸೆಂ.ಮೀ. ಸಾಲು, 15 ಸೆಂ.ಮೀ. ಗಿಡ ಎಂದರೆ ಸುಮಾರು 90 ಸಾವಿರ ಗಿಡ. ಇಷ್ಟು ಒತ್ತಿದ ಕಡೆ ಕೊಯ್ಲು ತಡ ಮಾಡಿದಷ್ಟೂ ಕೆಳಗಿನ ಎಲೆ ಕಳೆದುಕೊಳ್ಳುತ್ತೀರಿ, ದಂಟು ಬಲಿಯುತ್ತದೆ. ತೂಕ ಹೆಚ್ಚಾಯಿತು ಎಂದು ಹಿಗ್ಗುವ ಹೊತ್ತಿಗೆ ಸತ್ವ ಇಳಿದಿರುತ್ತದೆ. 60ರಿಂದ 65 ದಿನಕ್ಕೆ, ತೆನೆ ಹಾಲು ತುಂಬುವ ಹೊತ್ತಿಗೆ ಕುಡುಗೋಲು ಹಾಕಿ.

ಒಂದು ಪಕ್ಕದ ಮಾತು. ಬಿತ್ತುವಾಗ ಬೀಜದ ಮೊಳಕೆಯ ಮುಖ ಯಾವ ದಿಕ್ಕಿಗಿದೆ ಎಂಬುದರ ಮೇಲೆ ಮುಸುಕಿನ ಜೋಳದ ಎಲೆಗಳ ಎರಡು ಸಾಲು ಯಾವ ದಿಕ್ಕಿಗೆ ಚಾಚುತ್ತವೆ ಎಂಬುದು ಬಹಳಮಟ್ಟಿಗೆ ನಿಂತಿದೆ ಎಂದು ಅಮೆರಿಕದಲ್ಲಿ ಪ್ರಯೋಗ ಮಾಡಿ ಕಂಡಿದ್ದಾರೆ. ಎಲೆಗಳು ಸಾಲಿಗೆ ಅಡ್ಡವಾಗಿ ಚಾಚಿದರೆ ಬೆಳಕು ಹೆಚ್ಚು ಹಿಡಿಯುತ್ತವೆ. ಅದಕ್ಕೆಂದು 90 ಸಾವಿರ ಬೀಜವನ್ನು ಒಂದೊಂದಾಗಿ ಮುಖ ನೋಡಿ ಊರಲು ಕೂತರೆ ಮನೆಯವರು ಊಟ ಹಾಕುವುದಿಲ್ಲ. ಆದರೆ ನೇಪಿಯರ್ ತುಂಡು ನೆಡುವಾಗ ಇದೇ ವಿಚಾರ ನಮಗೆ ಉಪಯೋಗಕ್ಕೆ ಬರುತ್ತದೆ. ಎಲೆ ಎರಡು ಸಾಲಾಗಿರುವುದರಿಂದ ಕಣ್ಣುಗಳೂ ಎರಡು ಪಕ್ಕದಲ್ಲೇ ಇರುತ್ತವೆ, ಒಂದು ಗಿಣ್ಣಿಗೆ ಈ ಪಕ್ಕ, ಮುಂದಿನ ಗಿಣ್ಣಿಗೆ ಆ ಪಕ್ಕ. ಎರಡು ಮೂರು ಕಣ್ಣಿನ ತುಂಡನ್ನು ಮಲಗಿಸಿ ನೆಡುವವರು ಕಣ್ಣುಗಳು ಅಕ್ಕಪಕ್ಕಕ್ಕೆ ಬರುವ ಹಾಗೆ ಮಲಗಿಸಬೇಕು. ಒಂದು ಕಣ್ಣು ಮೇಲೆ ಒಂದು ಕಣ್ಣು ಅಡಿಗೆ ಆದರೆ ಅಡಿಯದು ತಡವಾಗಿ ಬರುತ್ತದೆ. ಕಬ್ಬು ನೆಡುವವರಿಗೆ ಇದು ಹಳೆಯ ಮಾತು. ಕೊಯ್ಯುವಾಗ ನೆಲದಿಂದ ನಾಲ್ಕರಿಂದ ಆರು ಅಂಗುಲ ಬಿಟ್ಟು ಕೊಯ್ಯಿರಿ ಎಂದು ನಾವು ಹೇಳುವುದೂ ಬುಡದ ಗಿಣ್ಣಿನ ಕಣ್ಣು ಉಳಿಯಲಿ ಎಂದೇ. ಮೊದಲ ಕೊಯ್ಲು 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ.

ಈಗ ನಮ್ಮ ಹಿರಿಯರ ಅಕ್ಕಡಿ ಸಾಲಿನ ವಿಷಯ. ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳು, ತೊಗರಿ ಎಂದು ಸಾಲು ಬಿಟ್ಟು ಹಾಕುತ್ತಿದ್ದರು. ಟ್ರ್ಯಾಕ್ಟರು ಬಂದ ಮೇಲೆ, ಒಂದೇ ಬೆಳೆಯ ಆಸೆ ಬಂದ ಮೇಲೆ ಬಹಳ ಕಡೆ ಅದು ಬಿಟ್ಟುಹೋಯಿತು. ಎಲೆಯ ದೃಷ್ಟಿಯಿಂದ ನೋಡಿದರೆ ಅಕ್ಕಡಿ ಎಂಥ ಚೊಕ್ಕ ಏರ್ಪಾಡು ನೋಡಿ. ಮೇಲೆ ಜೋಳದ ಅಥವಾ ರಾಗಿಯ ಕತ್ತಿಯಂಥ ಎಲೆ. ಬೆಳಕನ್ನು ಸೀಳಿ ಕೆಳಗೆ ಬಿಡುತ್ತದೆ. ಕೆಳಗೆ ಅವರೆಯ, ಹುರುಳಿಯ, ತಡಗುಣಿಯ ಅಗಲ ಎಲೆ. ಬಂದ ಬೆಳಕನ್ನು ತಟ್ಟೆಯೊಡ್ಡಿ ಹಿಡಿಯುತ್ತದೆ, ಕಳೆಯನ್ನು ಅಮುಕುತ್ತದೆ. ಇದಲ್ಲದೆ ಕಾಳು ಜಾತಿಯ ಎಲೆಗೆ ನಡುಹಗಲಿನ ಪೂರ್ತಿ ಬಿಸಿಲನ್ನು ಬಳಸಿಕೊಳ್ಳುವ ಶಕ್ತಿ ಇಲ್ಲ. ಅರೆ ಬಿಸಿಲಿದ್ದರೂ ಅದರ ಕೆಲಸ ನಡೆಯುತ್ತದೆ. ಜೋಳ, ಮುಸುಕಿನ ಜೋಳ, ರಾಗಿ ಇವು ಬಿರುಬಿಸಿಲನ್ನೂ ಬಳಸಬಲ್ಲವು. ಬಿಸಿಲು ಬೇಕಾದವನು ಮೇಲೆ, ನೆರಳು ತಡೆಯುವವನು ಕೆಳಗೆ.

ಮೇವಿಗೆ ಇದನ್ನೇ ಹೀಗೆ ಮಾಡಿ: ಮೂರು ಸಾಲು ಮುಸುಕಿನ ಜೋಳಕ್ಕೆ ಒಂದು ಸಾಲು ಮೇವಿನ ಅಲಸಂದೆ, ನಮ್ಮ ಮಾತಿನಲ್ಲಿ ತಡಗುಣಿ. ಎರಡನ್ನೂ ಒಂದೇ ದಿನ ಬಿತ್ತಿ, ಒಂದೇ ದಿನ ಕೊಯ್ಯಬಹುದು. ಮುಸುಕಿನ ಜೋಳದ ಮೇವಿನಲ್ಲಿ ಒಣತೂಕದ ಮೇಲೆ ಸಸಾರಜನಕ ನೂರಕ್ಕೆ 8ರಿಂದ 10. ತಡಗುಣಿಯಲ್ಲಿ 15ರಿಂದ 20. ಎರಡೂ ಸೇರಿ ಹಸುವಿನ ಹೊಟ್ಟೆಗೆ ಹೋದರೆ ಹಿಂಡಿಯ ಖರ್ಚು ಒಂದಿಷ್ಟು ಇಳಿಯುತ್ತದೆ. ಹತ್ತು ಗುಂಟೆ ನೀರಾವರಿ ಇರುವವರು, ಸುವರ್ಣಾವತಿ ಚಿಕ್ಕಹೊಳೆ ನಾಲೆಯವರಾಗಲಿ ಬೋರಿನವರಾಗಲಿ, ಅಷ್ಟರಲ್ಲೇ ಇದನ್ನು ಮಾಡಿ ನೋಡಬಹುದು. ವೀಳ್ಯದೆಲೆ ತೋಟದಲ್ಲಿ ಬಳ್ಳಿ ಹಬ್ಬಿಸಲು ಅಗಸೆ ಹಾಕುವುದೂ ಇದೇ ಲೆಕ್ಕವೇ. ಅದರ ಗರಿಯಂಥ ಎಲೆ ಜರಡಿಯ ಹಾಗೆ ಬೆಳಕು ಬಿಡುತ್ತದೆ. ಸವರಿದ ಸೊಪ್ಪು ಹಸುವಿಗೆ, ಆಡಿಗೆ.

ಎಲೆ ನಿಂತಲ್ಲೇ ನಿಂತಿರುವುದಿಲ್ಲ ಎಂಬುದನ್ನೂ ತಿಳಿಯಬೇಕು. ತಡಗುಣಿ, ಹುರುಳಿ, ಅವರೆಗಳಲ್ಲಿ ಕಿರುಎಲೆಯ ಬುಡದಲ್ಲಿ ಒಂದು ಉಬ್ಬು ಕೀಲು ಇದೆ. ಅದರಲ್ಲಿ ನೀರು ಈ ಪಕ್ಕದಿಂದ ಆ ಪಕ್ಕಕ್ಕೆ ಹರಿದಂತೆ ಎಲೆ ತಿರುಗುತ್ತದೆ. ಬೆಳಿಗ್ಗೆ ಸೂರ್ಯನಿಗೆ ಮುಖ ಒಡ್ಡಿದ ಎಲೆ ಹಸಿ ಕಡಿಮೆಯಾದ ನೆಲದಲ್ಲಿ ಮಧ್ಯಾಹ್ನ ಅಂಚನ್ನು ಸೂರ್ಯನಿಗೆ ತೋರಿಸಿ ನಿಲ್ಲುತ್ತದೆ. ಬಿಸಿಲು ತಪ್ಪಿಸಿಕೊಳ್ಳುವ ಉಪಾಯ ಅದು. ಹೊಲದ ಬದುವಿನಲ್ಲಿ ನಿಂತು ನೋಡಿದಾಗ ಎಲೆಗಳ ಬಿಳಿಚಿದ ಕೆಳಮೈ ಹೆಚ್ಚಾಗಿ ಕಂಡರೆ ಬೆಳೆಗೆ ಬಾಯಾರಿದೆ ಎಂದು ತಿಳಿಯಿರಿ. ಹುಣಸೆ, ಸೂಬಾಬುಲ್, ಅಗಸೆ ರಾತ್ರಿ ಎಲೆ ಮಡಚುವುದೂ ಇಂಥ ಕೀಲಿನಿಂದಲೇ.

ಹುಲ್ಲು ಜಾತಿಗೆ ಆ ಕೀಲಿಲ್ಲ. ಅದು ಎಲೆಯನ್ನು ಸುರುಳಿ ಸುತ್ತುತ್ತದೆ. ಎಲೆಯ ಮೇಲ್ಮೈಯಲ್ಲಿ ನೀರು ತುಂಬಿದ ದೊಡ್ಡ ಕೋಶಗಳ ಸಾಲುಗಳಿವೆ. ನೀರು ಇಳಿದಾಗ ಅವು ಕುಗ್ಗಿ ಎಲೆ ಉದ್ದಕ್ಕೆ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ. ಬಂಧುಗಳೇ, ದಯವಿಟ್ಟು ಈ ಭಾಗವನ್ನು ಗಮನವಿಟ್ಟು ಕೇಳಿ. ಜೋಳದ ಎಲೆ ಬೆಳಿಗ್ಗೆ ಹೊತ್ತೇ ಸುರುಳಿ ಸುತ್ತಿದ್ದರೆ ಆ ಹೊಲಕ್ಕೆ ಹಸು ಬಿಡಬೇಡಿ, ಆ ಮೇವನ್ನು ಕೊಯ್ದು ಹಾಕಬೇಡಿ.

ಜೋಳದ ಎಳೆ ಗಿಡದಲ್ಲಿ ಧುರಿನ್ ಎಂಬ ವಸ್ತು ಇದೆ. ಹಸು ಅಗಿದಾಗ ಅದರಿಂದ ಹೈಡ್ರೋಸಯನಿಕ್ ಆಮ್ಲ ಎಂಬ ಕಡುವಿಷ ಬಿಡುಗಡೆಯಾಗುತ್ತದೆ. ಮೊಣಕಾಲುದ್ದದ ಪೈರಿನಲ್ಲಿ, ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ, ಕೊಯ್ದ ಮೇಲೆ ಬರುವ ಕೂಳೆ ಚಿಗುರಿನಲ್ಲಿ ಇದು ಅತಿ ಹೆಚ್ಚು. ಹೂ ಬಂದ ಮೇಲೆ ಬಹಳ ಇಳಿಯುತ್ತದೆ. ವಿಷ ಇರುವುದೂ ದಂಟಿಗಿಂತ ಎಲೆಯಲ್ಲಿ ಹೆಚ್ಚು. ತಿಂದ ಹತ್ತು ಹದಿನೈದು ನಿಮಿಷದಲ್ಲೇ ಹಸು ಏದುಸಿರು ಬಿಡುತ್ತದೆ, ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಕಣ್ಣಿನ ಒಳರೆಪ್ಪೆ ಕಡುಕೆಂಪಾಗುತ್ತದೆ, ಬಿದ್ದು ಒದ್ದಾಡುತ್ತದೆ. ಈ ತಾಲ್ಲೂಕಿನ ಒಂದು ಊರಲ್ಲಿ ಒಬ್ಬ ತಾಯಿ ಸಾಲ ಮಾಡಿ ತಂದ ಮಿಶ್ರತಳಿ ಹಸು, ಎರಡನೇ ಸೂಲಿನದು, ಹಗ್ಗ ಕಿತ್ತುಕೊಂಡು ಪಕ್ಕದ ಹೊಲದ ಕೂಳೆ ಜೋಳಕ್ಕೆ ಬಿತ್ತು. ಇಪ್ಪತ್ತು ದಿನ ಮಳೆ ಇಲ್ಲದೆ ಒಣಗಿದ್ದು, ಹಿಂದಿನ ವಾರ ಒಂದು ಹದ ಬಿದ್ದು ಚಿಗುರಿದ್ದ ಹೊಲ. ಫೋನು ಬಂದು ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಬಾಯಲ್ಲಿ ಇನ್ನೂ ಹಸಿರು ಎಲೆ ಇತ್ತು. ದೃಷ್ಟಿ ತಗಲಿತು ಎಂದು ಆ ತಾಯಿ ಅಳುತ್ತಿದ್ದರು. ದೃಷ್ಟಿಯಲ್ಲ ತಾಯಿ, ಜೋಳದ ಚಿಗುರು ಎಂದು ಹೇಳುವುದಕ್ಕೂ ನನಗೆ ಬಾಯಿ ಬರಲಿಲ್ಲ.

ಇದಕ್ಕೆ ಮದ್ದು ಇದೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಅನ್ನು ರಕ್ತನಾಳಕ್ಕೆ ಕೊಟ್ಟರೆ ಬಿದ್ದ ಹಸುವೂ ಎದ್ದು ನಿಲ್ಲಬಹುದು. ಆದರೆ ನಿಮಿಷಗಳ ಲೆಕ್ಕ. ಹುಣಸೆ ಹುಳಿ, ಎಣ್ಣೆ ಎಂದು ಬಾಯಿಗೆ ಸುರಿಯುತ್ತಾ ಕೂರಬೇಡಿ, ಉಸಿರು ಕಟ್ಟಿಯೇ ಸಾಯುತ್ತದೆ. ಮಿಕ್ಕ ರಾಸುಗಳನ್ನು ಮೊದಲು ಹೊಲದಿಂದ ಆಚೆ ಓಡಿಸಿ, ಆ ಕ್ಷಣವೇ ಪಶುವೈದ್ಯರಿಗೆ ಫೋನು ಮಾಡಿ, ಜೋಳ ತಿಂದಿದೆ ಎಂಬ ಮಾತನ್ನು ಮರೆಯದೆ ಹೇಳಿ. ಆ ಒಂದು ಮಾತಿನಿಂದ ಔಷಧ ಸರಿಯಾಗಿ ಹಿಡಿದು ಬರುತ್ತಾರೆ. ಚೆನ್ನಾಗಿ ಒಣಗಿಸಿದ ಜೋಳದ ಕಡ್ಡಿಯಲ್ಲಿ ಈ ವಿಷ ಬಹುಪಾಲು ಹೋಗಿರುತ್ತದೆ. ಅರೆಬಾಡಿದ್ದು ಒಣಗಿದ್ದಲ್ಲ, ಅದು ಅಪಾಯವೇ. ಮುಸುಕಿನ ಜೋಳದಲ್ಲಿ ಮತ್ತು ನೇಪಿಯರ್‌ನಲ್ಲಿ ಈ ವಿಷದ ಭಯವಿಲ್ಲ. ಸಿ.ಒ.ಎಫ್.ಎಸ್. 29ರಂಥ ಹಲವು ಕೊಯ್ಲಿನ ಮೇವಿನ ಜೋಳ ಹಾಕಿದವರು ಮೊದಲ ಕೊಯ್ಲನ್ನು 65 ದಿನದ ಮುಂಚೆ ಮಾಡಬೇಡಿ.

ಎಲೆಯ ಜೋಡಣೆ ನೋಡಿ ವಿಷದ ಗಿಡ ಗುರುತಿಸಲು ಸಾಧ್ಯವೇ ಎಂದು ಕೇಳುತ್ತಾರೆ. ಕೆಲವನ್ನು ಸಾಧ್ಯ. ಕಣಗಿಲೆಯಲ್ಲಿ ಸಾಮಾನ್ಯವಾಗಿ ಒಂದು ಗಿಣ್ಣಿಗೆ ಮೂರು ಎಲೆ, ಸುತ್ತಲೂ ಮುಕ್ಕಾಲಿಯ ಹಾಗೆ. ಎಲೆ ಉದ್ದ, ದಪ್ಪ, ತೊಗಲಿನಂತೆ. ಹತ್ತಿಪ್ಪತ್ತು ಎಲೆ ಸಾಕು ದೊಡ್ಡ ಹಸುವಿನ ಹೃದಯ ನಿಲ್ಲಿಸಲು. ಒಣಗಿದ ಎಲೆಯೂ ಅಷ್ಟೇ ವಿಷ. ಹೆದ್ದಾರಿಯ ನಡುವೆ, ಉದ್ಯಾನದ ಬೇಲಿಯಲ್ಲಿ ಸವರಿ ಬಿಸಾಡಿದ ಕಣಗಿಲೆ ಕಡ್ಡಿಯನ್ನು ಸೊಪ್ಪೆಂದು ಹೊತ್ತು ತರಬೇಡಿ. ಲಂಟಾನದಲ್ಲಿ ಎಲೆ ಎದುರುಬದುರು ಜೋಡಿ, ಕಡ್ಡಿ ಚೌಕ, ಮುಟ್ಟಿದರೆ ಒರಟು, ಉಜ್ಜಿದರೆ ಘಾಟು. ಬಂಡೀಪುರದ ಅಂಚಿನ ಊರುಗಳಲ್ಲಿ ಹುಲ್ಲು ಒಣಗಿದ ಕಾಲಕ್ಕೆ ದನ ಇದಕ್ಕೆ ಬಾಯಿ ಹಾಕುತ್ತವೆ. ಕಾಮಾಲೆ ಬರುತ್ತದೆ, ಸಗಣಿ ಕಟ್ಟುತ್ತದೆ, ಬಿಸಿಲಿಗೆ ಬಿಟ್ಟರೆ ಚರ್ಮ ಸುಟ್ಟಂತೆ ಸಿಪ್ಪೆ ಏಳುತ್ತದೆ. ಅಂಥ ರಾಸನ್ನು ನೆರಳಲ್ಲಿ ಕಟ್ಟಿ ವೈದ್ಯರನ್ನು ಕರೆಸಿ. ಎಕ್ಕದಲ್ಲೂ ಜೋಡಿ ಎಲೆ. ಹಾಗೆಂದು ಜೋಡಿ ಎಲೆ ಎಲ್ಲ ವಿಷ ಎಂದು ಹಿಡಿಯಬೇಡಿ, ತುಳಸಿಯೂ ಜೋಡಿ ಎಲೆಯದೇ. ಹರಳು ಒಂದೊಂದೇ ಎಲೆಯ ಗಿಡ, ಅದು ವಿಷ. ಜೋಡಣೆ ಒಂದು ಗುರುತು ಅಷ್ಟೇ. ಕಡ್ಡಿ, ವಾಸನೆ, ಹಾಲು ಬರುತ್ತದೆಯೋ ಇಲ್ಲವೋ ಎಲ್ಲವನ್ನೂ ಸೇರಿಸಿ ನೋಡಬೇಕು. ಪಾರ್ಥೇನಿಯಂ ತಿಂದ ಹಸುವಿನ ಹಾಲು ಕಹಿಯಾಗುವುದು ಸಂಘದಲ್ಲಿ ಹಾಲು ಅಳೆಯುವವರಿಗೆ ಗೊತ್ತಿರುವುದೇ.

ಸುಳಿಯ ಬಗ್ಗೆ ಒಂದು ಎಚ್ಚರಿಕೆ. ಮುಸುಕಿನ ಜೋಳದ ಎಲೆಗಳು ಒಂದರೊಳಗೊಂದು ಸುತ್ತಿಕೊಂಡು ಕೊಳವೆಯಾಗುವ ಕಡೆಯೇ ಸುಳಿ. 2018ರ ಮೇ ತಿಂಗಳಿನಲ್ಲಿ ನಮ್ಮ ದೇಶದಲ್ಲೇ ಮೊದಲ ಬಾರಿಗೆ ಶಿವಮೊಗ್ಗದ ಕಡೆ ಕಂಡ ಸೈನಿಕ ಹುಳು ಕೂತು ತಿನ್ನುವುದು ಇಲ್ಲೇ. ಆದ್ದರಿಂದ ಔಷಧವನ್ನೂ ಸುಳಿಗೇ ಹಾಕುತ್ತಾರೆ, ಅದು ಅಲ್ಲೇ ನಿಲ್ಲುತ್ತದೆ. ಕಾಳಿಗೆಂದು ಹಾಕಿದ ಬೆಳೆಗೆ ಔಷಧ ಹೊಡೆದು, ಮರುವಾರವೇ ಮನಸ್ಸು ಬದಲಿಸಿ ಮೇವಿಗೆ ಕೊಯ್ಯುವವರಿದ್ದಾರೆ. ಬೇಡ. ಔಷಧದ ಚೀಟಿಯಲ್ಲಿ ಎಷ್ಟು ದಿನ ಕಾಯಬೇಕೆಂದು ಬರೆದಿರುತ್ತದೆ, ಓದಿಸಿಕೊಳ್ಳಿ. ಆ ಹಾಲನ್ನು ಮೊದಲು ಕುಡಿಯುವುದು ನಿಮ್ಮ ಮನೆಯ ಮಗು.

ಭಾಷಣದ ನಂತರ ಕೆಲವರು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಕೊಟ್ಟಿದೆ.

“ಡಾಕ್ಟ್ರೇ, ಕುದುರೆ ಮೆಂತ್ಯ ಒಣಗಿಸಿ ಇಟ್ಟರೆ ಬರೀ ಕಡ್ಡಿ ಉಳೀತದೆ, ಏನು ಮಾಡಾದು?” ಎಂದು ಒಬ್ಬ ಹಿರಿಯರು ಕೇಳಿದರು. ಯಜಮಾನರೇ, ಅದರ ಕಿರುಎಲೆಯ ತೊಟ್ಟು ಕೂದಲೆಳೆಯಷ್ಟು ತೆಳು. ಕಡ್ಡಿಗಿಂತ ಮೊದಲು ಎಲೆ ಒಣಗುತ್ತದೆ, ಬಿಸಿಲೇರಿದ ಮೇಲೆ ಮಗುಚಿದರೆ ಉದುರುತ್ತದೆ. ಬೆಳಿಗ್ಗೆ ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ ಮಗುಚಿ, ಅರೆ ಒಣಗಿದ ಮೇಲೆ ನೆರಳಿಗೆ ಎಳೆಯಿರಿ. ಹಸಿಯದ್ದನ್ನು ಹಾಕುವಾಗ ಮಾತ್ರ ಇಬ್ಬನಿ ಇದ್ದಾಗ ಖಾಲಿ ಹೊಟ್ಟೆಗೆ ಹಾಕಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಮೊದಲು ಒಣಹುಲ್ಲು, ಆಮೇಲೆ ಇದು.

“ಸೂಬಾಬುಲ್ ಸೊಪ್ಪನ್ನೇ ಹೊಟ್ಟೆ ತುಂಬ ಹಾಕಬಹುದಾ ಸಾರ್?” ಎಂದು ಒಬ್ಬ ಸಹೋದರಿ ಕೇಳಿದರು. ಬೇಡಮ್ಮಾ. ಅದರಲ್ಲಿ ಮಿಮೋಸಿನ್ ಎಂಬ ಅಂಶವಿದೆ, ಹೆಚ್ಚಾದರೆ ಕೂದಲು ಉದುರುತ್ತದೆ, ರಾಸು ಸೊರಗುತ್ತದೆ. ಒಟ್ಟು ಹಸಿರು ಮೇವಿನಲ್ಲಿ ಮೂರನೇ ಒಂದು ಪಾಲು ಮೀರದಿರಲಿ.

ಜೋಳದ ಹೊಲಕ್ಕೆ ಮಳೆ ಬಿದ್ದು ಎಲೆ ಬಿಚ್ಚಿಕೊಂಡ ಮೇಲೆ ಆ ದಿನವೇ ಮೇಯಿಸಬಹುದೇ ಎಂಬುದು ಕೊನೆಯ ಪ್ರಶ್ನೆ. ಬಾರದು. ಎಲೆ ಬಿಚ್ಚಿಕೊಳ್ಳಲು ಒಂದು ರಾತ್ರಿ ಸಾಕು, ವಿಷ ಇಳಿಯಲು ಸಾಲದು. ಬರ ಕಂಡ ಹೊಲದಲ್ಲಿ ಮಳೆಯ ನಂತರ ಬರುವ ಎಳೆ ಸುಳಿಯೇ ಎಲ್ಲಕ್ಕಿಂತ ಅಪಾಯ. ಗಿಡ ಚೇತರಿಸಿಕೊಂಡು ಮತ್ತೆ ಬೆಳೆದು ಹೂವಿಗೆ ಬರುವವರೆಗೆ ಆ ಹೊಲದ ಕಡೆ ಹಗ್ಗ ಬಿಚ್ಚಬೇಡಿ.